ಕೊನೆಯ ಪ್ಯಾರಾ

ಮಾನಸಗಂಗೋತ್ರಿಗೆ ನಾನು ಎಲ್‌ಎಲ್‌.ಎಂ. ಓದಲು ಬಂದದ್ದು 2003ರಲ್ಲಿ. ಅದಕ್ಕೂ ಮುಂಚೆ ತುಮಕೂರಿನಲ್ಲಿ ಆರು ತಿಂಗಳು ಕರಿ ಕೋಟು ಹಾಕಿಕೊಂಡು ಓಡಾಡಿದ್ದೆ. ಹಿರಿಯರ ಪರವಾಗಿ ಎದ್ದು ನಿಂತು ವಾಯಿದೆ ಕೇಳುವುದಷ್ಟೇ ನನ್ನ ವಕೀಲಿಕೆ. ಇನ್ನೆರಡು ವರ್ಷ ಓದುತ್ತೇನೆ ಎಂದಾಗ ಅಪ್ಪ, "ಓದಿದ್ದನ್ನೇ ಮತ್ತೆ ಓದುವುದೇನಿದೆ?" ಎಂದಿದ್ದರು.

ಸಂವಿಧಾನದ ಮೊದಲ ತರಗತಿಯಲ್ಲೇ ಅದಕ್ಕೆ ಉತ್ತರ ಸಿಕ್ಕಿತು. ಮೇಷ್ಟ್ರು, "ಮೋಹಿನಿ ಜೈನ್ ಪ್ರಕರಣ ಯಾರಿಗೆ ಗೊತ್ತು?" ಎಂದರು. ಎಲ್ಲರ ಕೈಯೂ ಮೇಲೆ. ನನ್ನದು ತುಸು ಹೆಚ್ಚೇ ಮೇಲಿತ್ತು, ಏಕೆಂದರೆ ಅದು ನಮ್ಮೂರಿನ ಕಥೆ. ಮೀರತ್ತಿನ ಹುಡುಗಿ ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಎಂ.ಬಿ.ಬಿ.ಎಸ್. ಸೀಟು ಕೇಳಿದ್ದಳು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರ ರಾಜ್ಯದವರಿಗೆ 60,000 ಎಂದು ಸರ್ಕಾರದ ಅಧಿಸೂಚನೆಯೇ ಹೇಳುತ್ತಿತ್ತು. 1992ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕ್ಯಾಪಿಟೇಷನ್ ಶುಲ್ಕವೆಂದೇ, ಅಂದರೆ ಸೀಟಿಗಾಗಿ ಕೀಳುವ ಹೆಚ್ಚುವರಿ ಹಣವೆಂದೇ ಕರೆದು, ಶಿಕ್ಷಣದ ಹಕ್ಕು 21ನೇ ವಿಧಿಯ ಜೀವಿಸುವ ಹಕ್ಕಿನಿಂದಲೇ ಹರಿದು ಬರುತ್ತದೆ ಎಂದಿತು. ಇಷ್ಟನ್ನು ನಾನು ಗಡಗಡನೆ ಒಪ್ಪಿಸಿದೆ.

"ಸರಿ, ಆ ಹುಡುಗಿಗೆ ಸೀಟು ಸಿಕ್ಕಿತೇ?"

"ಸಿಕ್ಕಿತು ಸಾರ್."

ಮೇಷ್ಟ್ರು ಬೈಯಲಿಲ್ಲ. ಗ್ರಂಥಾಲಯವಿದ್ದ ದಿಕ್ಕಿಗೆ ಕೈ ತೋರಿಸಿದರು, ಅಷ್ಟೆ.

ಅಂದು ಮಧ್ಯಾಹ್ನ ತೀರ್ಪುಗಳನ್ನು ಪೂರ್ತಿ ಅಚ್ಚು ಹಾಕುವ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಸಂಪುಟ ತೆಗೆದು, ಎಲ್‌ಎಲ್‌.ಬಿ.ಯ ಮೂರು ವರ್ಷ ಗೈಡುಗಳಲ್ಲಿ ನಾಲ್ಕು ಸಾಲಾಗಿ ಓದಿದ್ದ ತೀರ್ಪನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಸೀಟು ಸಿಕ್ಕಿರಲಿಲ್ಲ. ಅರ್ಜಿದಾರಳು ಮೆರಿಟ್ ಮೇಲೆ ಪ್ರವೇಶ ಪಡೆದವಳಲ್ಲ, ಕೋರ್ಸು 1991ರ ಮಾರ್ಚ್-ಏಪ್ರಿಲ್‌ನಲ್ಲೇ ಶುರುವಾಗಿದೆ, ಆದ್ದರಿಂದ ಆಕೆಯನ್ನು ಸೇರಿಸಿಕೊಳ್ಳಲು ನಿರ್ದೇಶಿಸುವುದಿಲ್ಲ ಎಂಬ ಮಾತು ತೀರ್ಪಿನ ತುದಿಯಲ್ಲಿತ್ತು. ದೇಶಕ್ಕೆಲ್ಲ ಹಕ್ಕು ತಂದುಕೊಟ್ಟವಳು ಬರಿಗೈಯಲ್ಲಿ ಊರಿಗೆ ಹೋಗಿದ್ದಳು. ನಮ್ಮೂರಿನ ಒಬ್ಬ ವಕೀಲರಾದರೂ ನನಗೆ ಇದನ್ನು ಹೇಳಿರಲಿಲ್ಲ. ಬಹುಶಃ ಅವರೂ ಗೈಡು ಓದಿದವರೇ.

ಪ್ರಬಂಧಕ್ಕೆ ಬೇರೆ ವಿಷಯ ಹುಡುಕಲಿಲ್ಲ. ಆ ಪ್ರಕರಣಗಳ ಹೆಸರುಗಳನ್ನೇ ನೋಡಿ: ಮೋಹಿನಿ ಜೈನ್, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ, 2003ರ ಇಸ್ಲಾಮಿಕ್ ಅಕಾಡೆಮಿ, ಮೂರರಲ್ಲೂ ಎದುರುಗಡೆ ನಿಂತಿರುವುದು ಕರ್ನಾಟಕ ರಾಜ್ಯ. ಕ್ಯಾಪಿಟೇಷನ್ ನಿಷೇಧಿಸಿ 1984ರಲ್ಲೇ ಕಾಯ್ದೆ ಮಾಡಿದ ರಾಜ್ಯವೂ ಇದೇ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಹೇಳಿದ್ದರ ಅರ್ಥವೇನೆಂದು ತಿಳಿಸಲು ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ ಐವರು ಕೂತರು. ಆ ಐವರು ಹೇಳಿದ್ದರ ಅರ್ಥವೇನೆಂದು ತಿಳಿಸಲು ನಾನು ಕೂತೆ. ಖಾಸಗಿ ಕಾಲೇಜಿನ ಸೀಟುಗಳಲ್ಲಿ ಸರ್ಕಾರದ ಪಾಲು ಎಷ್ಟು ಎಂಬುದರ ಮೇಲೆ ನಾಲ್ಕನೆಯ ಅಧ್ಯಾಯ ಬರೆದು, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗೆಳೆಯರಿಗೆಲ್ಲ ಓದಿ ಹೇಳಿ ಬೇಸರ ತರಿಸಿದ್ದೆ.

2005ರ ಜುಲೈನಲ್ಲಿ ಬೈಂಡ್ ಮಾಡಿಸಿ ಒಪ್ಪಿಸಿದೆ. ಆಗಸ್ಟ್ 12ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದೇ ವಿಷಯದ ಇನಾಮದಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ತನ್ನ ಸೀಟಿನ ಪಾಲನ್ನು ಹೇರುವಂತಿಲ್ಲ ಎಂದಿತು! ಮರುದಿನ ಬೆಳಿಗ್ಗೆ ಹಾಸ್ಟೆಲಿನಲ್ಲಿ ಪತ್ರಿಕೆ ಓದಿದವನು ತಿಂಡಿ ಬಿಟ್ಟು ಮೇಷ್ಟ್ರ ಬಳಿ ಓಡಿದೆ.

"ನಾಲ್ಕನೆಯ ಅಧ್ಯಾಯ ಹೋಯಿತು ಸಾರ್."

"ಹೋಗಲಿ ಬಿಡು. ಒಂದು ಹಾಳೆ ಟೈಪ್ ಮಾಡಿಸಿ ಅಂಟಿಸು. ತೀರ್ಪು ಕೊನೆಯವರೆಗೆ ಓದಿದೆ ತಾನೇ?"

ಓದಿರಲಿಲ್ಲ. ಪತ್ರಿಕೆಯಲ್ಲಿ ಬಂದಷ್ಟೇ ಗೊತ್ತಿತ್ತು. ನನ್ನ ಮುಖ ಸಣ್ಣದಾಯಿತು. ಪೂರ್ತಿ ತೀರ್ಪು ಕೈಗೆ ಸಿಗಲು ವಾರ ಹಿಡಿಯಿತು, ಓದಲು ಮೂರು ದಿನ, ಆ ಒಂದು ಹಾಳೆ ಬರೆಯಲು ಮತ್ತೆ ನಾಲ್ಕು ದಿನ.

ಹೋದ ವರ್ಷ ವಿಭಾಗಕ್ಕೆ ಬಂದಾಗ ಆ ಪ್ರತಿ ಕಪಾಟಿನಲ್ಲಿತ್ತು. ಅಂಟು ಒಣಗಿ ಹಾಳೆ ಸಡಿಲವಾಗಿದೆ. ಈಗ ಅಲ್ಲಿ ಓದುತ್ತಿರುವ ನಿಮ್ಮಲ್ಲಿ ಯಾರಾದರೂ ತೆಗೆದರೆ ಬೀಳಿಸಬೇಡಿ, ಮತ್ತು ನಾಲ್ಕನೆಯ ಅಧ್ಯಾಯಕ್ಕಿಂತ ಮೊದಲು ಅದನ್ನೇ ಓದಿ.