ಹಠಮಾರಿಗಳಿಗೆ ನೋವು ಕಮ್ಮಿಯಾ?

ನನ್ನ ಸೊಂಟನೋವಿಗೆ ಈಗ 9 ವರ್ಷ. ನೋವು 3 ತಿಂಗಳು ದಾಟಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ನನ್ನದು ಸಂಸಾರವನ್ನೇ ಹೂಡಿಬಿಟ್ಟಿದೆ. ಮನೆಗೆ ಬಂದವರು ಕಾಫಿ ಮುಗಿಸುವಷ್ಟರಲ್ಲಿ ಕೇಳುವ ಪ್ರಶ್ನೆ ಒಂದೇ: "ನೀನು ಮೊದಲಿಂದಲೂ ಹಠಮಾರಿ. ಅದಕ್ಕೇ ತಡ್ಕೊಂಡಿದ್ದೀಯ, ಅಲ್ವಾ?"

ಅಲ್ಲ. ನನ್ನನ್ನು ಹಾಸಿಗೆ ಹಿಡಿಸಿದ್ದೇ ಆ ಹಠ.

ನೋವು ಕಮ್ಮಿ ಇರುವ ದಿನವೇ ನನಗೆ ಅಪಾಯ. ಬೆಳಿಗ್ಗೆ ಸೊಂಟ ಸುಮ್ಮನಿದ್ದರೆ ಸಾಕು, ವಾರದ ಕೆಲಸವೆಲ್ಲ ಅವತ್ತೇ ಆಗಬೇಕು. ಎರಡು ವರ್ಷದ ಹಿಂದೆ ಗೌರಿ ಹಬ್ಬದ ಮುನ್ನಾದಿನ ಅಟ್ಟ ಗುಡಿಸಿದೆ, ಪರದೆ ಒಗೆದೆ, ಹೂರಣ ರುಬ್ಬಿದೆ. ಮಧ್ಯಾಹ್ನವೇ ಸೊಂಟ ಹಿಡಿಯುತ್ತಿತ್ತು. ಅರ್ಧಕ್ಕೆ ಬಿಟ್ಟರೆ ಸೋತ ಹಾಗೆ ಅನಿಸಿ ಬಿಡಲಿಲ್ಲ. ಮರುದಿನ ಬಾಗಿನ ತಂದವರನ್ನು ಮಲಗಿದಲ್ಲಿಂದಲೇ ಮಾತಾಡಿಸಿದೆ. ಒಬ್ಬಟ್ಟು ತಿಂದಿದ್ದೂ ಮಲಗಿಕೊಂಡೇ. (ಚೆನ್ನಾಗಿತ್ತು, ಆ ಮಾತು ಬೇರೆ.)

ಆಮೇಲೆ ಫಿಸಿಯೋಥೆರಪಿಯವರು ಹೇಳಿದರು, "ನೋವು ನಿಲ್ಲಿಸು ಅನ್ನುವ ತನಕ ಕಾಯಬೇಡಿ, ಗಡಿಯಾರ ನೋಡಿ ನಿಲ್ಲಿಸಿ." 20 ನಿಮಿಷ ಕೆಲಸ, ಆಮೇಲೆ ವಿರಾಮ. ಒಳ್ಳೆಯ ದಿನವೂ ಅಷ್ಟೇ. ಕೇಳಲು ಸುಲಭ. ಅರ್ಧ ಹೆಚ್ಚಿದ ಹುರುಳಿಕಾಯಿ ಬಿಟ್ಟು ಏಳುವುದು ನನ್ನಂಥವಳಿಗೆ ನೋವಿಗಿಂತ ಕಷ್ಟ.

ನನ್ನ ತಂಗಿ ಇದಕ್ಕೆ ತದ್ವಿರುದ್ಧ. ಅಂಜುಬುರುಕಿ. ಕುತ್ತಿಗೆ ನೋವು ಬಂದಿದ್ದೇ ತಲೆ ತಿರುಗಿಸುವುದನ್ನು ಬಿಟ್ಟಳು, ಬಸ್ಸು ಬಿಟ್ಟಳು, ಕೊನೆಗೆ ವಾಕಿಂಗನ್ನೂ ಬಿಟ್ಟಳು. ಅಲುಗಾಡದ ಕುತ್ತಿಗೆ ಇನ್ನಷ್ಟು ಬಿಗಿಯಿತು, ಭಯವೂ ಬೆಳೆಯಿತು. ಅವಳಿಗೆ ಆಸ್ಪತ್ರೆಯಲ್ಲಿ 13 ಸಾಲಿನ ಒಂದು ಪ್ರಶ್ನಾವಳಿ ಕೊಟ್ಟಿದ್ದರು. ಮನಶ್ಶಾಸ್ತ್ರಜ್ಞ ಮೈಕೆಲ್ ಸಲ್ಲಿವನ್ ಮತ್ತು ಜೊತೆಗಾರರು 1995ರಲ್ಲಿ ಮಾಡಿದ್ದು. ನೋವಿನ ಬಗ್ಗೆಯೇ ಯೋಚಿಸುತ್ತಾ ಇರುತ್ತೀರಾ, ಏನೋ ದೊಡ್ಡದೇ ಆಗಿಬಿಡುತ್ತೆ ಅನಿಸುತ್ತಾ, ಕೈಲಾಗಲ್ಲ ಅನಿಸುತ್ತಾ, ಇಂಥವು. ಎಷ್ಟರಮಟ್ಟಿಗೆ ಅನ್ನುವುದಕ್ಕೆ 0ಯಿಂದ 4ರವರೆಗೆ ಅಂಕ. ಅವಳಿಗೆ ಅಂಕ ಜಾಸ್ತಿಯೇ ಬಂತು. ನೆಂಟರೊಬ್ಬರು ತಕ್ಷಣ, "ನೋಡು, ಎಲ್ಲ ಮನಸ್ಸಿನ ಭ್ರಮೆ" ಅಂದುಬಿಟ್ಟರು. ನನಗೆ ಮೈ ಉರಿದುಹೋಯಿತು. ಭಯ ಇದ್ದರೆ ಮಿದುಳು ನೋವಿಗೆ ಜಾಸ್ತಿ ಕಿವಿಗೊಡುತ್ತೆ, ನಿಜ. ಹಾಗಂತ ನೋವು ಸುಳ್ಳಾಗುತ್ತಾ?

ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಅವಳು ಈಗಲೂ ಅಂಜುಬುರುಕಿಯೇ. ಆದರೂ ದಿನಾ ಬೀದಿ ಕೊನೆಯ ತನಕ ನಡೆಯುತ್ತಾಳೆ. ಸಂಜೆ ಫೋನಿನಲ್ಲಿ ನಾನು ಕೇಳುತ್ತೇನೆ, "ಇವತ್ತು ನಡೆದ್ಯಾ?" ಅವಳು ಕೇಳುತ್ತಾಳೆ, "ಅಕ್ಕ, ಇವತ್ತು ಕೂತ್ಕೊಂಡ್ಯಾ?"

ನಾನು ಹೂಂ ಅನ್ನುತ್ತೇನೆ. ಒಮ್ಮೊಮ್ಮೆ ಅದು ಸುಳ್ಳು.