ಮೊದಲು ಅಮ್ಮನ ಸ್ನಾನಕ್ಕೊಂದು ಜಾಗ

18 ಜನವರಿ 2025, ಶನಿವಾರ
ಗೌರಿಪೇಟೆ, ಕೋಲಾರ

ಬಚ್ಚಲು ಕಿತ್ತು ಹೊಸದು ಮಾಡಲು ಸೋಮವಾರ ಬೆಳಿಗ್ಗೆ ಗಾರೆ ಮೇಸ್ತ್ರಿ ಬರುತ್ತಾರೆ. ಧನುರ್ಮಾಸ ಕಳೆಯುವವರೆಗೆ ಬಚ್ಚಲಿಗೆ ಕೈ ಹಾಕಬೇಡಿ ಅಂತ ಅಮ್ಮ ಹೇಳಿದ್ದರು. ಸಂಕ್ರಾಂತಿಯೂ ಆಯಿತು, ಎಳ್ಳುಬೆಲ್ಲ ಹಂಚಿದ್ದೂ ಆಯಿತು. ಇನ್ನು ತಡ ಮಾಡುವ ಹಾಗಿಲ್ಲ. ಹೋದ ತಿಂಗಳು ಅವರು ಅಲ್ಲೇ ಜಾರಿದರು. ಗೋಡೆ ಕೈಗೆ ಸಿಕ್ಕಿದ್ದರಿಂದ ಬಚಾವಾದರು. ಅವತ್ತಿನಿಂದ ಅವರು ಸ್ನಾನ ಮುಗಿಸುವ ತನಕ ನಾನು ಬಾಗಿಲ ಹೊರಗೇ ನಿಂತಿರುತ್ತೇನೆ.

ಕೆಲಸ 15 ದಿನ. ಅಷ್ಟೂ ದಿನ ಅಮ್ಮನ ಸ್ನಾನ ಎಲ್ಲಿ? ಟೈಲ್ಸ್ ಬಣ್ಣಕ್ಕಿಂತ ನನಗೆ ಇದೇ ಜಾಸ್ತಿ ಚಿಂತೆ. ಮೈಮೇಲೆ ನೀರು ಬೀಳದೆ ಅವರು ಕಾಫಿಯನ್ನೂ ಮುಟ್ಟುವುದಿಲ್ಲ. ಪಾಯಿಖಾನೆ ಬೇರೆ ಇದೆ, ಸದ್ಯ. ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ನಾಲ್ಕು ನೀಲಗಿರಿ ಗಳ ನೆಟ್ಟು ಟಾರ್ಪಾಲ್ ಕಟ್ಟಿದೆವು. ಕೆಳಗೆ ಒರಟು ಚಪ್ಪಡಿ. ಪ್ಲಾಸ್ಟಿಕ್ ಸ್ಟೂಲ್ ಬೇಡವೇ ಬೇಡ ಅಂದೆ. ಅಲುಗದ ಮರದ ಕುರ್ಚಿಯನ್ನೇ ಇಟ್ಟೆವು.

ಹಂಡೆ ಎತ್ತಲು ಅರ್ಧ ದಿನ ಹೋಯಿತು. ಒಲೆಗೆ ಗಾರೆ ಮೆತ್ತಿ ಕೂರಿಸಿದ್ದ ತಾಮ್ರದ ಹಂಡೆ ಅದು. ತಮ್ಮ ಉಳಿ ಹಿಡಿದು ನಿಧಾನವಾಗಿ ಬಿಡಿಸಿದ, ಒಂದು ಸೊಟ್ಟೆಯೂ ಬೀಳಲಿಲ್ಲ. ಒಳಗೆ ನೋಡಿದರೆ ರೊಟ್ಟಿಯಷ್ಟು ದಪ್ಪ ಬಿಳಿ ಪದರ. ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಗಿಲ್ಲ, ನಮ್ಮ ಮನೆಗೆ ಬೋರ್‌ವೆಲ್ಲಿನ ಗಡಸು ನೀರೇ ಗತಿ. ಕಾಯಿಸಿದಷ್ಟೂ ಸುಣ್ಣ ಕೂರುತ್ತದೆ. ಹುಣಸೆಹಣ್ಣು ಕಿವುಚಿ ಹಚ್ಚಿಟ್ಟಿದ್ದೇನೆ, ಬೆಳಿಗ್ಗೆ ಉಜ್ಜಬೇಕು. ಹಳೆಯ ಕಬ್ಬಿಣದ ಪೈಪಿನ ಬಾಯಿಯೂ ಹೀಗೇ ಕಟ್ಟಿ ಪೆನ್ಸಿಲ್ ತೂರುವಷ್ಟೇ ಉಳಿದಿದೆ. ಈ ಸಲ ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು.

ಟ್ಯಾಂಕಿನ ನೀರು ನಿಲ್ಲಿಸುವ ಗೇಟ್ ವಾಲ್ವ್ ತುಕ್ಕು ಹಿಡಿದು ಬಿಗಿದಿತ್ತು. ಎಣ್ಣೆ ಬಿಟ್ಟು, ಕಾದು, ತಿರುಗಿಸಿದೆ. ಅದು ತಿರುಗದಿದ್ದರೆ ಸೋಮವಾರ ಪೈಪ್ ಕತ್ತರಿಸುವಾಗ ಇಡೀ ಟ್ಯಾಂಕ್ ಖಾಲಿಯಾಗುತ್ತಿತ್ತು. ಟ್ಯಾಂಕರ್ ನೀರು ಕೊಳ್ಳುವವರಿಗೆ ಆ ಸಂಕಟ ಗೊತ್ತು, ಅಲ್ವಾ? ಚರಂಡಿ ಬಾಯಿಗೆ ಗೋಣಿಚೀಲ ತುರುಕಿದ್ದಾಯಿತು, ಇಲ್ಲದಿದ್ದರೆ ಗಾರೆ ಚೂರು ಹೋಗಿ ಕಟ್ಟಿಕೊಳ್ಳುತ್ತದೆ.

ಮೇಸ್ತ್ರಿಗೆ ಎರಡು ಮಾತು ಹೇಳಬೇಕು. 5 ಅಡಿಗೆ ಮುಕ್ಕಾಲು ಇಂಚು ಇಳಿಜಾರು ಇರಲಿ, ನೀರು ನಿಂತರೆ ಪಾಚಿ, ಪಾಚಿ ಇದ್ದರೆ ಜಾರುವುದು. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೀರು ಹೋಗುವ ತೂತು ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಸೋರುತ್ತದಾ ಅಂತ ನೋಡದೆ ಟೈಲ್ಸ್ ಹಾಕಬಾರದು.

ಸಂಜೆ ಅಮ್ಮ ಸೀರೆ ಉಟ್ಟೇ ಆ ಕುರ್ಚಿ ಮೇಲೆ ಕೂತು ನೋಡಿದರು. "ನೆಲ ಕಾಲಿಗೆ ಹಿಡಿಯುತ್ತೆ. ಆದ್ರೆ ಗಾಳಿ ಬರುತ್ತಲ್ಲೋ," ಅಂದರು. ಪೂರ್ವದ ಕಡೆಗೆ ನಾಳೆ ಇನ್ನೊಂದು ಟಾರ್ಪಾಲ್ ಕಟ್ಟಬೇಕು.