ನೆಲದೊಳಗಿನ ಮನೆಗಳಿಂದ ಶುರುವಾದ ಊರು ನಿಕೋಡಿಮಸ್

ಅಮೆರಿಕದ ಹಳ್ಳಿಗಳ ಚರಿತ್ರೆ ಓದುವಾಗಲೆಲ್ಲ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುವ ಊರೆಂದರೆ ವಾಯವ್ಯ ಕ್ಯಾನ್ಸಸ್‌ನ ಗ್ರಹಾಂ ಕೌಂಟಿಯಲ್ಲಿರುವ ನಿಕೋಡಿಮಸ್. ಅಂತರ್ಯುದ್ಧ ಮುಗಿದು ಹತ್ತು ವರ್ಷ ಕಳೆದಿದ್ದರೂ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ದೇಶದ ದಕ್ಷಿಣದ ರಾಜ್ಯಗಳಲ್ಲಿ ಸ್ವಂತ ಜಮೀನು ಕನಸಾಗಿಯೇ ಉಳಿದಿತ್ತು. ಸರ್ಕಾರಿ ಭೂಮಿಯಲ್ಲಿ 5 ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆಯ ಹಕ್ಕು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯ ಆಸೆಯಿಂದ, 1877ರಲ್ಲಿ ಕೆಂಟಕಿಯ ನೂರಾರು ಮಂದಿ ಮಕ್ಕಳುಮರಿಗಳೊಂದಿಗೆ ಇಲ್ಲಿಗೆ ಬಂದರು.

ಬಂದವರಿಗೆ ಕಂಡದ್ದು ಬಟ್ಟಬಯಲು. ಮನೆ ಕಟ್ಟಲು ಮರವಿಲ್ಲದ ಕಾರಣ ಮಣ್ಣಿನ ದಿಬ್ಬಗಳನ್ನು ಅಗೆದು, ಅದರೊಳಗೇ ಸಂಸಾರ ಹೂಡಿದರು. 1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಮಹಿಳೆಯ ನೆನಪು ದಾಖಲಾಗಿದೆ. ಊರು ಬಂತೆಂದು ಗಂಡಸರು ಕೂಗಿದಾಗ ಆಕೆಗೆ ಎಲ್ಲಿ ನೋಡಿದರೂ ಊರು ಕಾಣಲಿಲ್ಲ. ಗಂಡ ಬೆರಳು ಮಾಡಿ ತೋರಿಸಿದ್ದು ನೆಲದೊಳಗಿಂದ ಏಳುತ್ತಿದ್ದ ಹೊಗೆಯನ್ನು. ಅದನ್ನು ಕಂಡು ಆಕೆ ಅತ್ತುಬಿಟ್ಟರು. ಅಳು ಬಂದರೂ ಅಲ್ಲೇ ನಿಂತರಲ್ಲ, ಆ ಗಟ್ಟಿತನವೇ ನನ್ನ ಮಟ್ಟಿಗೆ ಈ ಊರಿನ ತಳಪಾಯ.

ಕುದುರೆಗಳು ವಿರಳವಾಗಿದ್ದುದರಿಂದ ಎಷ್ಟೋ ಕುಟುಂಬಗಳು ಗುದ್ದಲಿ, ಸಲಿಕೆಗಳಿಂದಲೇ ಹೊಲ ಅಗೆದವು. ಒಲೆಗೆ ಕಾಡೆಮ್ಮೆಯ ಒಣ ಸಗಣಿ, ಸೂರ್ಯಕಾಂತಿಯ ಕಡ್ಡಿಗಳೇ ಸೌದೆ. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಬುಡಕಟ್ಟಿನ ಜನರು ಆಹಾರ ಹಂಚಿಕೊಂಡರೆಂಬುದನ್ನು ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಮುಂದಿನ ಹತ್ತು ವರ್ಷಗಳಲ್ಲಿ ಚರ್ಚು, ಶಾಲೆ, ಹೋಟೆಲು, ಅಂಗಡಿ, ಪತ್ರಿಕೆಗಳು ಬಂದವು. ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ರಾಜ್ಯದ ಲೆಕ್ಕಪರಿಶೋಧಕ ಹುದ್ದೆಗೆ ಚುನಾಯಿತರಾದರು.

ಊರಿಗೆ ದೊಡ್ಡ ಪೆಟ್ಟು ಬಿದ್ದದ್ದು 1888ರಲ್ಲಿ. ನಿರೀಕ್ಷಿಸಿದ್ದ ರೈಲು ಹಳಿ ಇಲ್ಲಿಗೆ ಬರಲೇ ಇಲ್ಲ. ಸಾಲೊಮನ್ ನದಿಯ ಆಚೆ ದಡದಲ್ಲಿ ಹಾದುಹೋಯಿತು. ಅಂಗಡಿಕಾರರು ಹಳಿಯ ಬಳಿ ಎದ್ದ ಬೋಗ್ ಎಂಬ ಊರಿಗೆ ಹೊರಟುಹೋದರು. ರೈತರು ಹೊಲ ಬಿಡಲಿಲ್ಲವಾದರೂ 1930ರ ದಶಕದ ಬರ ಮತ್ತು ಧೂಳುಗಾಳಿ ಅವರಲ್ಲೂ ಅನೇಕರನ್ನು ನಗರಗಳತ್ತ ಅಟ್ಟಿತು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಇಂದು ಅಲ್ಲಿ ನೆಲೆಸಿರುವವರು ಬೆರಳೆಣಿಕೆಯಷ್ಟು ಮಂದಿ. ಸುತ್ತ ಗೋಧಿ, ಜೋಳದ ಹೊಲಗಳು. ಆದರೆ ಪ್ರತಿವರ್ಷ ಜುಲೈ ಕೊನೆಯ ವಾರಾಂತ್ಯದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬಕ್ಕೆ ಮೂಲ ಕುಟುಂಬಗಳ ವಂಶಸ್ಥರು ದೂರದೂರದಿಂದ ಬಂದು ಸೇರುತ್ತಾರೆ. ಮೆರವಣಿಗೆ, ಸಹಭೋಜನ, ಭಾನುವಾರದ ಪ್ರಾರ್ಥನೆಗಳಲ್ಲಿ ಊರು ತುಂಬುತ್ತದೆ. 1996ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾದದ್ದರ ಹಿಂದೆಯೂ ಈ ವಂಶಸ್ಥರ ಶ್ರಮವಿದೆ. ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್ ಸೇರಿ ಅಲ್ಲಿನ 5 ಹಳೆಯ ಕಟ್ಟಡಗಳು ಈಗ ಆ ತಾಣದ ಭಾಗವಾಗಿವೆ.